ನನ್ನ ಮುಖ, ಅಕ್ಕನ ಕೈ

ಕಳೆದ ತಿಂಗಳು ಗುಂಡ್ಲುಪೇಟೆಯ ನಮ್ಮ ಶಾಲೆಯಲ್ಲಿ ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ನೋಟ್ಸ್ ತೋರಿಸಲು ನನ್ನ ಮೇಜಿನ ಹತ್ತಿರ ಬಂದಳು. ಅವಳು ಬಗ್ಗಿದಾಗ ಒಂದು ವಾಸನೆ ಮೂಗಿಗೆ ಬಡಿಯಿತು. ಗುಲಾಬಿಯಂತೆ ಶುರುವಾಗಿ ಕೊನೆಗೆ ಔಷಧಿಯ ಘಾಟಿಗೆ ತಿರುಗುವ ವಾಸನೆ. ತಲೆಯೆತ್ತಿ ನೋಡಿದೆ. ಕೆನ್ನೆಯ ಚರ್ಮ ಕೆಂಪಾಗಿ, ತೆಳುವಾಗಿ, ಒಳಗಿನ ಸಣ್ಣ ನರಗಳು ಕಾಣುವಂತಾಗಿತ್ತು. ಗಲ್ಲದ ತುಂಬ ಮೊಡವೆ. ಏನು ಹಚ್ಚುತ್ತೀಯ ಎಂದು ಕೇಳಿದರೆ ಕೈಯಿಂದ ಮುಖ ಮುಚ್ಚಿಕೊಂಡಳು.

"ಮೆಡಿಕಲ್ ಸ್ಟೋರಲ್ಲಿ ಕೊಟ್ರು ಮಿಸ್. ಮೊಡ್ವೇನೂ ಓಯ್ತದೆ, ಬೆಳ್ಳಗೂ ಆಯ್ತೀಯ ಅಂದ್ರು."

ನನಗೆ ಮೈಯೆಲ್ಲ ಉರಿದುಹೋಯಿತು. ಇಪ್ಪತ್ತು ವರ್ಷದ ಹಿಂದೆ ನನಗೂ ಇದೇ ಮಾತು ಹೇಳಿ, ಇಂಥದೇ ಟ್ಯೂಬ್ ಕೊಟ್ಟಿದ್ದರು. ಇಷ್ಟು ವರ್ಷದಲ್ಲಿ ಇವರನ್ನು ಕೇಳುವವರೇ ಇಲ್ಲವಾಯಿತೇ? ಆ ಕೋಪದ ಹಿಂದೆಯೇ ನಮ್ಮ ಹಾಸ್ಟೆಲಿನ ಅಡುಗೆ ಅಕ್ಕ ನೆನಪಾದಳು...

ನಾನು ಉಮ್ಮತ್ತೂರಿನವಳು. ಪಿಯುಸಿ ಓದಲು ಚಾಮರಾಜನಗರದ ಒಂದು ಖಾಸಗಿ ಹಾಸ್ಟೆಲ್ ಸೇರಿದ್ದೆ. ಹತ್ತನೇ ತರಗತಿಯಲ್ಲೇ ಶುರುವಾಗಿದ್ದ ಮೊಡವೆ ಅಷ್ಟು ಹೊತ್ತಿಗೆ ಮುಖವನ್ನೆಲ್ಲ ಆಕ್ರಮಿಸಿತ್ತು. ಕೀವು ತುಂಬಿದ ದೊಡ್ಡ ದೊಡ್ಡ ಗಂಟು. ದಿಂಬಿಗೆ ಕೆನ್ನೆ ತಗುಲಿದರೆ ನೋವು. ಅದಕ್ಕಿಂತ ನೋವು ಜನರ ಬಾಯಿ. ಸಿಕ್ಕವರೆಲ್ಲ ವೈದ್ಯರು! ಕಡಲೆಕಾಯಿ ತಿನ್ನಬೇಡ ಎಂದವರೊಬ್ಬರು, ಮೊಟ್ಟೆ ಬಿಡು ಎಂದವರೊಬ್ಬರು, ಟೂತ್‌ಪೇಸ್ಟ್ ಹಚ್ಚು ಎಂದವರೊಬ್ಬರು. ಮನೆಗೆ ನೆಂಟರು ಬಂದಾಗ ಸೋದರತ್ತೆ ನನ್ನನ್ನು ಅಡುಗೆಮನೆಯಲ್ಲೇ ಇರು ಎಂದಿದ್ದಳು. ನನಗಾಗ ಹದಿನೇಳು.

ಹಾಸ್ಟೆಲ್ ಹತ್ತಿರದ ಔಷಧಿ ಅಂಗಡಿಯವನು ಚೀಟಿಯನ್ನೂ ಕೇಳದೆ ಟ್ಯೂಬ್ ಕೊಟ್ಟ. ಎಂಟೇ ದಿನದಲ್ಲಿ ಮುಖ ನಯವಾಯಿತು. ನಾನು ಕುಣಿದಾಡಿದೆ. ಎರಡು ದಿನ ಹಚ್ಚದಿದ್ದರೆ ಮಾತ್ರ ಮೊದಲಿಗಿಂತ ಎರಡರಷ್ಟು ಏಳುತ್ತಿತ್ತು. ಬಿಸಿಲಿಗೆ ಹೋದರೆ ಮೆಣಸಿನಪುಡಿ ಎರಚಿದಂಥ ಉರಿ. ಮತ್ತೆ ಅವನ ಅಂಗಡಿಗೇ ಓಡುತ್ತಿದ್ದೆ. "ನೀನು ಸರಿಯಾಗಿ ಹಚ್ಚಿಲ್ಲ" ಎಂದು ಇನ್ನೊಂದು ಟ್ಯೂಬ್ ಕೊಡುತ್ತಿದ್ದ. ಹೀಗೇ ಏಳೆಂಟು ತಿಂಗಳು. ಕೊನೆಗೆ ದುಪಟ್ಟಾದಿಂದ ಮುಖ ಕಟ್ಟಿಕೊಂಡೇ ಓಡಾಡತೊಡಗಿದೆ. ಕಾಲೇಜು ತಪ್ಪಿಸತೊಡಗಿದೆ. ಬೆಳಗಿನ ತಿಂಡಿ ಬಿಟ್ಟು, ಹಸಿವಾದಾಗ ಬೇಕರಿಯ ಪಫ್ಸ್, ಬನ್ನು ತಿಂದು ದಿನ ತಳ್ಳುತ್ತಿದ್ದೆ.

ಅಡುಗೆ ಅಕ್ಕ ಕುದೇರಿನವಳು. ನಲವತ್ತು ದಾಟಿದ್ದ ಗಟ್ಟಿ ಹೆಂಗಸು. ಎರಡೂ ಕೈ ಮೇಲೆ, ತುಟಿಯ ಅಂಚಿನಲ್ಲಿ ತೊನ್ನಿನ ಬಿಳಿ ಕಲೆಗಳಿದ್ದವು. ಮೂವತ್ತು ಹುಡುಗಿಯರಲ್ಲಿ ಯಾರು ಉಂಡರು, ಯಾರು ಬಿಟ್ಟರು ಎಂಬುದು ಅವಳಿಗೆ ಬಾಯಿಪಾಠ. ಒಂದು ಬೆಳಿಗ್ಗೆ ನನ್ನ ರೂಮಿನ ಬಾಗಿಲಲ್ಲಿ ಬಂದು ನಿಂತಳು.

"ಯಾಕಮ್ಮಿ, ಮೂರ್ ದಿನದಿಂದ ತಿಂಡಿಗೇ ಬಂದಿಲ್ಲ? ಎಲ್ಲಿ, ಆ ಬಟ್ಟೆ ತಗಿ, ನೋಡನ."

ತೆಗೆಯಲಿಲ್ಲ. ಅವಳೇ ಮೆಲ್ಲಗೆ ಬಿಚ್ಚಿದಳು. ಅಯ್ಯೋ ಅನ್ನಲಿಲ್ಲ, ಮುಖ ತಿರುಗಿಸಲಿಲ್ಲ. ಏನು ಹಚ್ಚುತ್ತಿದ್ದೀಯ ಎಂದು ಕೇಳಿ, ಟ್ಯೂಬ್ ಇಸಿದುಕೊಂಡು ಸೆರಗಿಗೆ ಗಂಟು ಹಾಕಿದಳು. ಮಾರನೇ ದಿನ ಅಡುಗೆ ಮುಗಿಸಿ ನನ್ನನ್ನು ಜಿಲ್ಲಾ ಆಸ್ಪತ್ರೆಗೆ ಎಳೆದುಕೊಂಡು ಹೋದಳು. ತನ್ನ ತೊನ್ನಿಗಾಗಿ ವರ್ಷಗಟ್ಟಲೆ ಅಲೆದಿದ್ದವಳಿಗೆ ಚರ್ಮದ ಡಾಕ್ಟರು ಯಾವ ದಿನ ಇರುತ್ತಾರೆ, ಯಾವ ಸಾಲಿನಲ್ಲಿ ನಿಲ್ಲಬೇಕು ಎಲ್ಲ ಗೊತ್ತಿತ್ತು.

ಬೆಂಚಿನ ಮೇಲೆ ನಾವು ಕೂತ ಕೂಡಲೇ ಪಕ್ಕದ ಹೆಂಗಸು ಅಕ್ಕನ ಕೈ ನೋಡಿ ಸೀರೆ ಸರಿಸಿಕೊಂಡು ದೂರ ಹೋದಳು. ಒಳಗಿನಿಂದ ಅದನ್ನು ಕಂಡ ಡಾಕ್ಟರಮ್ಮ ಎಲ್ಲರಿಗೂ ಕೇಳುವಂತೆ, "ತೊನ್ನು ಅಂಟೋ ಕಾಯಿಲೆ ಅಲ್ಲ, ಮುಟ್ಟಿದ್ರೂ ಬರಲ್ಲ, ಜೊತೆಗೆ ಉಂಡ್ರೂ ಬರಲ್ಲ" ಎಂದು ಗದರಿದರು. ನಾನು ಅದನ್ನು ಸ್ಪಷ್ಟವಾಗಿ ಕೇಳಿಸಿಕೊಂಡೆ.

ಆಮೇಲೆ ನನ್ನ ಸರದಿ. ಟ್ಯೂಬ್ ನೋಡಿದ ಡಾಕ್ಟರಮ್ಮನ ಮುಖ ಬಿಗಿಯಾಯಿತು. ಅದು ಸ್ಟೀರಾಯ್ಡ್ ಬೆರೆತ ಕ್ರೀಮು, ಮೊಡವೆಗೆ ಹಚ್ಚಲೇಬಾರದಂಥದ್ದು. "ಇದನ್ನ ಬಿಡಿಸ್ತಾ ಹೋದ ಹಾಗೆ ಸ್ವಲ್ಪ ದಿನ ಇನ್ನೂ ಜಾಸ್ತಿಯಾಗುತ್ತೆ, ತಡ್ಕೋಬೇಕು" ಎಂದರು. "ಬರೀ ಮುಖಕ್ಕೆ ಮದ್ದು ಕೊಟ್ರೆ ಸಾಲದು" ಎಂದೂ ಹೇಳಿ, ಊಟ, ನಿದ್ದೆ, ಮುಟ್ಟು, ಮನಸ್ಸಿನ ಚಿಂತೆ ಎಲ್ಲ ವಿಚಾರಿಸಿದರು. ಮುಟ್ಟು ಮೂರು ತಿಂಗಳಿಗೊಮ್ಮೆ ಆಗುತ್ತಿದೆ ಎಂದು ಅಲ್ಲಿಯವರೆಗೆ ನಾನು ಯಾರಿಗೂ ಹೇಳಿರಲಿಲ್ಲ. ಯಾರೂ ಕೇಳಿಯೂ ಇರಲಿಲ್ಲ! ರಕ್ತ ಪರೀಕ್ಷೆ ಮಾಡಿಸಿ ಅದಕ್ಕೂ ಮಾತ್ರೆ ಬರೆದರು.

ವಾಪಸು ಬರುವಾಗ ಅಕ್ಕ ನೆಟ್ಟಗೆ ಔಷಧಿ ಅಂಗಡಿಗೆ ನಡೆದಳು. ಟ್ಯೂಬನ್ನು ಅವನ ಮುಂದೆ ಇಟ್ಟು, "ಓದ್ತಿರೋ ಮಗೀಗೆ ಏನ್ ಕೊಟ್ಟಿದ್ದೀಯಪ್ಪ ಇದು?" ಎಂದಳು.

ಅವನು ಅವಳ ಕೈಯನ್ನೇ ನೋಡಿ ನಕ್ಕ. "ಮೊದ್ಲು ನಿನ್ ಕೈ ನೋಡ್ಕೊಮ್ಮ, ಆಮೇಲೆ ಊರಿನವರ ಮುಖ ನೋಡುವಂತೆ."

"ನನ್ ಕೈ ತಾನಾಗೇ ಇಂಗಾಗಿದ್ದು ಕಣಪ್ಪ. ಇವ್ಳ ಮೊಕ ನೀನು ಮಾಡಿದ್ದು" ಎಂದಳು ಅಕ್ಕ. ಅಂಗಡಿಯಲ್ಲಿದ್ದ ನಾಲ್ಕು ಜನ ತಿರುಗಿ ನೋಡಿದರು. ಅವನು ಟ್ಯೂಬನ್ನು ಮೆಲ್ಲಗೆ ಕೌಂಟರಿನ ಕೆಳಗೆ ಸರಿಸಿದ.

ಮುಂದಿನ ಆರು ವಾರ ನರಕ. ಮುಖ ಊದಿ, ಸೋರಿ, ಕಣ್ಣು ಬಿಡಲಾಗುತ್ತಿರಲಿಲ್ಲ. ಕನ್ನಡಿಯನ್ನು ಅಕ್ಕ ತನ್ನ ಹತ್ತಿರ ಇಟ್ಟುಕೊಂಡಳು. "ನೋಡುದ್ರೆ ಇಚುಕ್ತೀಯ. ನಾನೇ ನೋಡ್ತೀನಿ ಬುಡು" ಎನ್ನುತ್ತಿದ್ದಳು. ಬೆಳಿಗ್ಗೆ ನಾನು ತಿಂಡಿ ತಿನ್ನುವ ತನಕ ಎದುರಿಗೇ ಕೂರುತ್ತಿದ್ದಳು. ಮಧ್ಯಾಹ್ನ ರಾಗಿಮುದ್ದೆ, ಸೊಪ್ಪಿನ ಸಾರು, ಹುರುಳಿಕಾಳು. ನಾನು ಹೆದರಿ ಬಿಟ್ಟಿದ್ದ ಮೊಟ್ಟೆ, ಕಡಲೆಕಾಯಿಯನ್ನು ಡಾಕ್ಟರಮ್ಮನನ್ನು ಕೇಳಿಯೇ ತಿರುಗಿ ತಟ್ಟೆಗೆ ಹಾಕಿದಳು. ದಿಂಬಿನ ಬಟ್ಟೆ ವಾರಕ್ಕೆರಡು ಸಲ ಒಗೆಸಿದಳು. ಸಂಜೆ ತರಕಾರಿ ತರಲು ನನ್ನನ್ನೂ ಕರೆದುಕೊಂಡು ಹೋಗುತ್ತಿದ್ದಳು, ಮುಖ ಕಟ್ಟದೆ. ಮೊದಲ ದಿನ ಅತ್ತುಬಿಟ್ಟೆ. ಹತ್ತನೇ ದಿನ ಯಾರು ನೋಡುತ್ತಾರೆ ಎಂಬುದೇ ಮರೆತು ಬೀನ್ಸ್ ಆರಿಸುತ್ತಿದ್ದೆ...

ಹತ್ತು ತಿಂಗಳು ಹಿಡಿಯಿತು. ಒಂದೆರಡು ಕಲೆ ಉಳಿದವು. ಆದರೆ ಮುಖ ನನ್ನದಾಯಿತು. ನಿದ್ದೆ, ಹಸಿವು, ಓದು ಎಲ್ಲ ದಾರಿಗೆ ಬಂದವು.

ದ್ವಿತೀಯ ಪಿಯುಸಿ ಪರೀಕ್ಷೆಗೆ ಮೂರು ವಾರ ಇದ್ದಾಗ ಹೊಸದಾಗಿ ಸೇರಿದ ಹುಡುಗಿಯೊಬ್ಬಳ ತಂದೆ ಬಂದರು. ಅಕ್ಕ ಬಡಿಸುವುದನ್ನು ಕಂಡು, "ಈ ಕೈಯಲ್ಲಿ ನಮ್ಮ ಮಕ್ಕಳಿಗೆ ಊಟ ಹಾಕಿಸ್ತೀರಾ?" ಎಂದು ಕೂಗಾಡಿದರು. ಆಡಳಿತದವರಿಗೆ ಒಬ್ಬ ಡಾಕ್ಟರನ್ನು ಕೇಳುವಷ್ಟೂ ವ್ಯವಧಾನವಿರಲಿಲ್ಲ. ವಾರ್ಡನ್ ಒಂದು ಹಾಳೆ ತಂದರು: ಅಡುಗೆಯವರನ್ನು ಬದಲಾಯಿಸಲು ವಿದ್ಯಾರ್ಥಿನಿಯರ ಒಪ್ಪಿಗೆ ಇದೆ. ಹಾಳೆ ಕೈಯಿಂದ ಕೈಗೆ ಬಂತು. ಎಲ್ಲರೂ ಸಹಿ ಹಾಕಿದ್ದರು.

ನಾನೂ ಹಾಕಿದೆ.

ಯಾಕೆ? ಪರೀಕ್ಷೆ ಹತ್ತಿರವಿತ್ತು, ವಾರ್ಡನ್ ಎದುರಿಗೆ ನಿಂತಿದ್ದರು ಎಂದು ನನಗೆ ನಾನೇ ಹೇಳಿಕೊಂಡಿದ್ದುಂಟು. ಸುಳ್ಳು. ಹಾಕದಿದ್ದರೆ ಎಲ್ಲರೂ ಮತ್ತೆ ನನ್ನ ಮುಖದತ್ತ ತಿರುಗಿ ನೋಡುತ್ತಾರೆಂಬ ಹೆದರಿಕೆ ಅದು.

ಅಂದೇ ಸಂಜೆ ಅಕ್ಕನನ್ನು ಕಳಿಸಿಬಿಟ್ಟರು. ಚೀಲ ಹಿಡಿದು ಹೊರಟವಳನ್ನು ಗೇಟಿನ ಹತ್ತಿರ ತಡೆದೆ. ಅವಳೇ ಕೇಳಿದಳು.

"ನೀನೂ ಆಕ್ದಾ ಸೈನು?"

ತಲೆ ತಗ್ಗಿಸಿದೆ.

"ಅವ್ರಿಗೆಲ್ಲ ಗೊತ್ತಿಲ್ಲ ಕಣಮ್ಮಿ. ಅಂಟಲ್ಲ ಅಂತ ಡಾಕ್ಟ್ರಮ್ಮ ಏಳಿದ್ದ ನೀನು ಕೇಳಿಸ್ಕಂಡಿದ್ದೆ" ಎಂದಳು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು... ತಿರುಗಿ ನೋಡದೆ ಬಸ್ ಸ್ಟ್ಯಾಂಡಿನ ಕಡೆ ನಡೆದುಹೋದಳು.

ಹದಿನೆಂಟು ವರ್ಷ ನಾನು ಕುದೇರಿಗೆ ಹೋಗಲಿಲ್ಲ. ಹೋಗಲು ದೂರವೇನೂ ಇರಲಿಲ್ಲ. ಮುಖವಿರಲಿಲ್ಲ.

ಕಳೆದ ವಾರ ಆ ಒಂಬತ್ತನೇ ತರಗತಿಯ ಹುಡುಗಿಯನ್ನೂ ಅವಳ ತಾಯಿಯನ್ನೂ ಚಾಮರಾಜನಗರದ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಈಗ ಬೇರೆ ಡಾಕ್ಟರು. ಟ್ಯೂಬ್ ಕೊಟ್ಟವನ ಮೇಲೆ ದೂರು ಬರೆದು, ನನ್ನ ಹೆಸರು ವಿಳಾಸ ಹಾಕಿ ಔಷಧ ನಿಯಂತ್ರಣ ಕಚೇರಿಗೆ ಕೊಟ್ಟೆ. ತಾಯಿ ಮಗಳನ್ನು ಗುಂಡ್ಲುಪೇಟೆ ಬಸ್ಸು ಹತ್ತಿಸಿ, ನಾನು ಕುದೇರಿನ ಬಸ್ಸು ಹತ್ತಿದೆ.

ಬಾಗಿಲು ತೆರೆದವಳು ಅಕ್ಕನ ತಂಗಿ. ಅಕ್ಕ ತೀರಿಕೊಂಡು ಎರಡು ವರ್ಷವಾಗಿತ್ತು. ಹಾಸ್ಟೆಲ್ ಬಿಟ್ಟ ಮೇಲೆ ಯಾರೂ ಅವಳಿಗೆ ಅಡುಗೆ ಕೆಲಸ ಕೊಡಲಿಲ್ಲವಂತೆ. ಬದನಗುಪ್ಪೆಯ ಒಂದು ಕಾರ್ಖಾನೆಯಲ್ಲಿ ಡಬ್ಬ ತುಂಬುವ ಕೆಲಸಕ್ಕೆ ಹೋಗುತ್ತಿದ್ದಳಂತೆ. "ಅಲ್ಲಿ ಎಲ್ರಿಗೂ ಗ್ಲೌಸ್ ಕೊಡೋರು. ಯಾರ್ ಕೈ ಎಂಗದೆ ಅಂತ ಯಾರೂ ನೋಡೋರಲ್ಲ ಅಂತ ಅಲ್ಲೇ ಇದ್ಬುಟ್ಳು. ಅಡ್ಗೆ ಅಂದ್ರೆ ಪ್ರಾಣ ಅವ್ಳ್ಗೆ" ಎಂದಳು ತಂಗಿ. ಆಮೇಲೆ ನನ್ನನ್ನೇ ದಿಟ್ಟಿಸಿದಳು.

"ನೀವು ಆ ಹಾಸ್ಟೆಲ್ ಹುಡ್ಗೀರಲ್ಲಿ ಒಬ್ರಾ?"

"ಹೂಂ."

"ಸೈನ್ ಆಕಿದ್ರಾ?"

ಪರೀಕ್ಷೆ, ವಾರ್ಡನ್, ವಯಸ್ಸು... ಒಂದೂ ಬಾಯಿಗೆ ಬರಲಿಲ್ಲ.

"ಹಾಕಿದ್ದೆ" ಎಂದೆ.

ಆಕೆ ಬಾಗಿಲು ಹಾಕಲಿಲ್ಲ. ಒಳಗೆ ಬಾ ಎಂದೂ ಅನ್ನಲಿಲ್ಲ. ಕೊನೆಯ ಬಸ್ಸು ಬರುವ ತನಕ ನಾವಿಬ್ಬರೂ ಹೊಸ್ತಿಲಿನ ಆಚೆ ಈಚೆ ಹಾಗೇ ಕೂತಿದ್ದೆವು.