ಹುಣಸೆಬೀಜ ಇಟ್ಟು ಮಾಡಿದ ಲೆಕ್ಕ

ಹೋದ ವಾರ ವರ್ಷಕ್ಕಾಗುವಷ್ಟು ಹುಣಸೆಹಣ್ಣು ಹರಡಿಕೊಂಡು ಬೀಜ ಬಿಡಿಸುತ್ತ ಕೂತಿದ್ದೆ. ಹೊಸ ಹುಣಸೆಯ ಹುಳಿ ವಾಸನೆ ಮೂಗಿಗೆ ಬಡಿದದ್ದೇ ತಡ, ನಾಗಮಂಗಲದ ಈ ಅಡುಗೆಮನೆ ಮರೆತೇ ಹೋಯಿತು. ಚಿನಕುರಳಿಯ ತವರುಮನೆ, ಪಕ್ಕದ ಮನೆಯ ಜಗಲಿ, ಅಲ್ಲಿ ಬೀಜ ಜೋಡಿಸುತ್ತ ಕೂತ ಲೆಕ್ಕದ ಮೇಷ್ಟ್ರು...

ಪಾಂಡವಪುರದ ಕಾಲೇಜಿನಲ್ಲಿ ನನಗೆ ಗಣಿತ ಕಲಿಸಿದವರು. ಉಪ್ಪು ತರಲು ಹೋಗಿ ಸೀಮೆಸುಣ್ಣ ತರುವ ಆಸಾಮಿ. ಭರಭರನೆ ಬೆಳೆಯುವ ಲೆಕ್ಕಗಳೆಂದರೆ ಅವರಿಗೆ ಹುಚ್ಚು. ಕೂಡುವುದನ್ನೇ ಮತ್ತೆ ಮತ್ತೆ ಮಾಡಿದರೆ ಗುಣಾಕಾರ, ಗುಣಾಕಾರವನ್ನೇ ಮತ್ತೆ ಮತ್ತೆ ಮಾಡಿದರೆ ಘಾತ. ಅಲ್ಲಿಗೆ ನಾವು ಪುಸ್ತಕ ಮುಚ್ಚುತ್ತಿದ್ದೆವು, ಅವರು ಅಲ್ಲಿಂದ ಶುರು ಮಾಡುತ್ತಿದ್ದರು. ಆ ಮೆಟ್ಟಿಲುಗಳನ್ನೆಲ್ಲ ಒಂದೇ ನಿಯಮದಲ್ಲಿ ಹಿಡಿದಿಟ್ಟ ಲೆಕ್ಕವೊಂದಿದೆ. ಕಡಿದ ಕಬ್ಬು ತನ್ನ ಬುಡದಿಂದಲೇ ಕೂಳೆಯಾಗಿ ಚಿಗುರುವ ಹಾಗೆ ಅದು ಉತ್ತರಕ್ಕಾಗಿ ತನ್ನನ್ನೇ ಮತ್ತೆ ಕರೆಯುತ್ತದೆ; ನಮ್ಮ ಬಾಯಲ್ಲಿ ಅದು ಕೂಳೆ ಲೆಕ್ಕ. ನಾಲ್ಕು ಮತ್ತು ನಾಲ್ಕು ಕೊಟ್ಟರೆ ಸಾಕು, ಉತ್ತರ ಬರೆಯಲು ಭೂಮಿಯ ಮೇಲಿನ ಕಾಗದ ಸಾಲದು.

"ಎಷ್ಟೇ ಬೆಳುದ್ರೂ ಒಂದಿನ ಮುಗುದೇ ಮುಗೀತದೆ ಕಣವ್ವ. ಅಲ್ಲೀಗಂಟ ನಾವಿರಕಿಲ್ಲ, ಅಷ್ಟೇಯ," ಎನ್ನುತ್ತಿದ್ದರು.

ಒಳಗಿನ ಇನ್ನೊಂದು ಲೆಕ್ಕದ ಉತ್ತರಕ್ಕಾಗಿ ಅರ್ಧಕ್ಕೆ ನಿಂತ ಒಂದೊಂದು ಲೆಕ್ಕಕ್ಕೂ ಒಂದೊಂದು ಹುಣಸೆಬೀಜ ಇಡುವುದು ಅವರ ಪದ್ಧತಿ. ಅದು ಮುಗಿದರೆ ಬೀಜ ಎತ್ತುವುದು. ಯಾವ ಬೀಜ ಯಾವ ಲೆಕ್ಕದ್ದು ಎಂಬುದು ಮಾತ್ರ ತಲೆಯಲ್ಲೇ ಇರಬೇಕು.

ನಿವೃತ್ತಿಯಾದ ಮೇಲೆ ಆ ತಲೆಗೇ ಮರೆವು ಬಂತು. ಊಟ ಮಾಡಿದ್ದು ಮರೆತರು, ಬೀದಿ ಮರೆತರು. ಕೂಳೆ ಲೆಕ್ಕಕ್ಕೆ ಎರಡು ಮತ್ತು ಮೂರು ಕೊಟ್ಟು, ಆ ಸಣ್ಣ ಲೆಕ್ಕವನ್ನಾದರೂ ಒಮ್ಮೆ ಯಾರನ್ನೂ ಕೇಳದೆ ಮುಗಿಸಬೇಕು ಎಂಬ ಹಟ ಮಾತ್ರ ಬಿಡಲಿಲ್ಲ. ನಾನು ತವರಿಗೆ ಹೋದಾಗಲೆಲ್ಲ ಜಗಲಿಯ ಮೇಲೆ ಬೀಜದ ಸಾಲು ಇರುತ್ತಿತ್ತು. ನಡುವೆ ಎಲ್ಲೋ ಕೈ ನಿಂತುಬಿಡುತ್ತಿತ್ತು...

ಒಂದು ಬೇಸಿಗೆಯಲ್ಲಿ ಅವರ ಹೆಂಡತಿ ಜಗಲಿಯಲ್ಲೇ ಹುಣಸೆ ಬಿಡಿಸಿದರು. ಎದ್ದು ಗುಡಿಸುವಾಗ ಮೇಷ್ಟ್ರ ಸಾಲನ್ನೂ ಸೇರಿಸಿ ಬೀಜದ ರಾಶಿಗೆ ತಳ್ಳಿಬಿಟ್ಟರು. ಒಳಗಿನಿಂದ ಬಂದ ಮೇಷ್ಟ್ರು ರಾಶಿಯ ಮುಂದೆ ಕೂತು ಒಂದೊಂದೇ ಬೀಜವನ್ನು ಹಿಡಿದು ನೋಡತೊಡಗಿದರು.

"ಇದ್ರೊಳಗೆ ನಂದ್ಯಾವುದು?"

ಆ ತಾಯಿಗೆ ಘಾತವೂ ಗೊತ್ತಿಲ್ಲ, ಕೂಳೆ ಲೆಕ್ಕವೂ ಗೊತ್ತಿಲ್ಲ. ಕಣ್ಣೊರೆಸಿಕೊಂಡು, ಕೈಗೆ ಸಿಕ್ಕಷ್ಟು ಬೀಜಗಳನ್ನು ಸಾಲಾಗಿ ಇಟ್ಟರು. "ಇಲ್ಲೀಗಂಟ ಬಂದಿದ್ರಿ. ಇನ್ನು ವಸಿ ಅದೆ, ಮುಂದ್ಕೋಗಿ," ಅಂದರು. ಮೇಷ್ಟ್ರು ನಂಬಿದರು. ಮಗುವಿನಂತೆ ತಲೆಯಾಡಿಸಿ ಮತ್ತೆ ಎಣಿಸತೊಡಗಿದರು. ನನಗೆ ಅಲ್ಲಿ ನಿಲ್ಲಲಾಗಲಿಲ್ಲ. ಅಲ್ಲಿಂದ ಮುಂದೆ ದಿನವೂ ಆಕೆಯೇ ಸಾಲು ಇಡುತ್ತಿದ್ದರಂತೆ. ಲೆಕ್ಕ ಮುಗಿಯಲಿಲ್ಲ. ಅದು ಮುಗಿಯುವ ಮೊದಲೇ ಮೇಷ್ಟ್ರು ಹೋದರು.

ಹೋದ ವಾರ ಆ ಹುಣಸೆಹಣ್ಣಿನ ಮುಂದೆ ಕೂತು, ಅವರ ಹಾಗೆಯೇ ಬೀಜ ಇಡುತ್ತ ಎತ್ತುತ್ತ ಎರಡು ಮತ್ತು ಮೂರರ ಆ ಸಣ್ಣ ಲೆಕ್ಕ ಮಾಡಿದೆ. ಉತ್ತರ ಒಂಬತ್ತು. ಬಂತು ಮೇಷ್ಟ್ರೇ ಎಂದು ಹೇಳಲು ಆ ಜಗಲಿಯಲ್ಲಿ ಈಗ ಯಾರೂ ಇಲ್ಲ. ನೆಲದ ಮೇಲೆ ಮೊಟ್ಟಮೊದಲು ಇಟ್ಟ ಬೀಜವೊಂದೇ ಉಳಿದಿತ್ತು. ಅದನ್ನು ಎತ್ತಿದರೆ ಲೆಕ್ಕ ಮುಗಿಯುತ್ತದೆ.

ಎತ್ತಲಿಲ್ಲ. ಅದನ್ನು ಬಿಟ್ಟು ಸುತ್ತಲೂ ಗುಡಿಸಿದೆ.