ಕೈಯಲ್ಲಿ ನಾಲ್ಕೇ ಎಲೆ

ಮೊನ್ನೆ ನನ್ನ ಟೈಲರಿಂಗ್ ಅಂಗಡಿಗೆ ಬಂದ ಗಿರಾಕಿಯೊಬ್ಬರು ಮಗಳ ಮದುವೆಯ ರವಿಕೆ ಬಟ್ಟೆಗಳನ್ನು ಯೂರಿಯಾ ಚೀಲ ಕತ್ತರಿಸಿ ಹೊಲಿದ ಕೈಚೀಲದಲ್ಲಿ ಹಾಕಿಕೊಂಡು ಬಂದಿದ್ದರು. ಬಟ್ಟೆ ನೋಡಿದರೆ ಅಪ್ಪಟ ರೇಷ್ಮೆ, ವಾಸನೆ ಮಾತ್ರ ಅಪ್ಪಟ ಗೊಬ್ಬರದಂಗಡಿಯದು. ಬೇರೆ ಯಾರಾದರೂ ಆಗಿದ್ದರೆ ಮೂಗು ಮುಚ್ಚಿಕೊಳ್ಳುತ್ತಿದ್ದರು. ನಾನು ಕಣ್ಣು ಮುಚ್ಚಿಕೊಂಡು ಇನ್ನೊಂದು ಸಲ ಉಸಿರೆಳೆದುಕೊಂಡೆ. ನನ್ನ ಎಡಗೈ ಬೆರಳುಗಳು ನನ್ನನ್ನು ಒಂದು ಮಾತೂ ಕೇಳದೆ ಬೀಸಣಿಗೆಯ ಹಾಗೆ ಬಿಚ್ಚಿಕೊಂಡವು. "ಏನಾತ್ರಿ ಅಕ್ಕ, ಕೈ ಹಿಡ್ಕಂತೇನು?" ಎಂದು ಅವರು ಗಾಬರಿಯಾದರು. ಏನಿಲ್ಲ ಎಂದು ನಕ್ಕು ಅಳತೆ ಬರೆದುಕೊಂಡೆ. ಅವರು ಹೋದ ಮೇಲೆ ನೋಡುತ್ತೇನೆ, ತೋಳಿನ ಅಳತೆಯನ್ನು ಸೊಂಟದ ಜಾಗದಲ್ಲಿ ಬರೆದಿದ್ದೇನೆ. ಪುಣ್ಯಕ್ಕೆ ಕತ್ತರಿ ಹಾಕಿರಲಿಲ್ಲ.

ಆ ಬೆರಳುಗಳು ಹುಡುಕಿದ್ದು ಎಲೆಗಳನ್ನು. ಎಲೆ ಅಂದ ಕೂಡಲೇ ನೀವು ಇಸ್ಪೀಟು ಅಂದುಕೊಂಡಿರಿ ತಾನೇ? ಅಂದುಕೊಳ್ಳಿ, ನಮ್ಮೂರು ಶಿಕಾರಿಪುರದಲ್ಲಿ ಎಲ್ಲರೂ ಹಾಗೇ ಅಂದುಕೊಂಡರು. ಇದು ಅದಲ್ಲ. ಇದರಲ್ಲಿ ಒಂದೊಂದು ಎಲೆಯ ಮೇಲೂ ಒಂದೊಂದು ವಿಚಿತ್ರ ಪ್ರಾಣಿ. ರೆಕ್ಕೆ ಇರುವ ಹುಲಿ, ಬೆಂಕಿ ಉಗುಳುವ ಆಮೆ, ಎರಡು ತಲೆಯ ಮುಂಗುಸಿ, ಹೀಗೆ. ಪ್ರತಿ ಪ್ರಾಣಿಗೂ ಇಷ್ಟು ಬಲ, ಇಷ್ಟು ಜೀವ ಎಂದು ಕೆಳಗೆ ಅಚ್ಚಾಗಿರುತ್ತದೆ. ಇಬ್ಬರು ಎದುರುಬದುರು ಕೂತು, ಸರದಿಗೊಂದು ಎಲೆ ಎತ್ತಿಕೊಳ್ಳುತ್ತಾ, ನನ್ನ ಪ್ರಾಣಿಯನ್ನು ನಿನ್ನ ಪ್ರಾಣಿಯ ಮೇಲೆ ಬಿಟ್ಟು ಕಾದಾಡಿಸುವುದು. ಯಾರ ಪ್ರಾಣಿಗಳು ಮೊದಲು ಮುಗಿಯುತ್ತವೋ ಅವರು ಸೋತರು. ಬೇಡದ ಎಲೆ ಕೊಟ್ಟು ಬೇಕಾದ ಎಲೆ ಬದಲಾಯಿಸಿಕೊಳ್ಳಬಹುದು. ಹಾಗೆ ಬದಲಾಯಿಸಿಕೊಳ್ಳುವಾಗ ನಾನು ಆಡಿರುವ ಜಗಳಗಳನ್ನು ನನ್ನ ಗಂಡನ ಜೊತೆಯೂ ಆಡಿಲ್ಲ.

ಈ ಹುಚ್ಚನ್ನು ನಮಗೆ ಹಚ್ಚಿದವನು ನಾಗರಾಜ. ಪಿಯುಸಿಯಲ್ಲಿ ನಮ್ಮ ಕ್ಲಾಸಿನವನು, ಆಮೇಲೆ ಊರಿನ ಒಂದು ಗೊಬ್ಬರದಂಗಡಿಯಲ್ಲಿ ಲೆಕ್ಕ ಬರೆಯಲು ಸೇರಿದ. ಮೊದಲ ಸಂಬಳದಲ್ಲಿ ಶಿವಮೊಗ್ಗಕ್ಕೆ ಹೋಗಿ ಅಮ್ಮನಿಗೆ ಸೀರೆ ತಂದ, ತನಗೆ ಈ ಎಲೆಗಳ ಒಂದು ಡಬ್ಬಿ ತಂದ. ಭಾನುವಾರ ಅಂಗಡಿಗೆ ರಜೆ, ಬೀಗದ ಕೈ ಅವನ ಹತ್ತಿರ. ಮಧ್ಯಾಹ್ನ ಊಟ ಮುಗಿಸಿ ನಾವು ನಾಲ್ಕು ಜನ ಗೊಬ್ಬರದ ಚೀಲಗಳ ಮೇಲೆ ಕೂತರೆ ದೀಪ ಹಚ್ಚುವ ಹೊತ್ತಿಗೇ ಏಳುವುದು. ನಾಗರಾಜ, ನಾನು, ಲೈನ್‌ಮನ್ ಬಸವರಾಜ, ತಾಳಗುಂದದಿಂದ ಬರುತ್ತಿದ್ದ ರೇಣುಕಾ. ಬಸವರಾಜನಿಗೆ ಕಂಬದ ಮೇಲಿಂದ ಕೆಳಗಿನವರ ಜೊತೆ ಮಾತಾಡಿ ಅಭ್ಯಾಸ, ಪಕ್ಕದಲ್ಲಿ ಕೂತರೂ ಕೂಗಿಯೇ ಮಾತಾಡುತ್ತಾನೆ. ರೇಣುಕಾ ಅಂಗನವಾಡಿ ಟೀಚರ್. ಮನೆಯಲ್ಲಿ ಮೆಕ್ಕೆಜೋಳ, ಒಂದು ಹಿಂಡು ಕುರಿ. ಅವಳ ಬಾಯಿಂದ ಮಾತು ಹೊರಡಿಸುವುದಕ್ಕಿಂತ ಕುರಿಯ ಬಾಯಿಂದ ಹೊರಡಿಸುವುದು ಸುಲಭ.

ಒಂದು ಭಾನುವಾರ ಅಂಗಡಿಯ ಸಾಹುಕಾರರು ಸದ್ದಿಲ್ಲದೆ ಒಳಗೆ ಬಂದರು. ಸೊಂಟದ ಮೇಲೆ ಕೈ ಇಟ್ಟುಕೊಂಡು, "ನನ್ ಅಂಗಡ್ಯಾಗೆ ಇಸ್ಪೀಟ್ ಆಡ್ತೀರೇನ್ರಲೇ? ಅದೂ ಹೆಣ್ಮಕ್ಕಳನ್ನ ಕೂರುಸ್ಕಂಡು!" ಎಂದರು. ನಾಗರಾಜ ತೊದಲುತ್ತಾ ಎಲೆ ತೋರಿಸಿದ. ಅವರು ಕನ್ನಡಕ ಏರಿಸಿ ಒಂದೊಂದನ್ನೂ ತಿರುಗಿಸಿ ನೋಡಿದರು. "ರಾಜ ಎಲ್ಲಿ, ರಾಣಿ ಎಲ್ಲಿ? ಇದೇನು, ಆಮಿ ಬಾಯಾಗೆ ಬೆಂಕಿ?" ಎಂದು ಕೇಳಿ, ಕೊನೆಗೆ, "ಇಷ್ಟ್ ವಯಸ್ಸಾದ್ರೂ ಬುದ್ಧಿ ಬರ್ಲಿಲ್ಲ ನಿಮಗೆ. ಆಡ್ಕಳ್ರಿ, ಚೀಲ ಹರಿಬ್ಯಾಡ್ರಿ" ಎಂದು ಹೊರಟುಹೋದರು. ಅಲ್ಲಿಗೆ ನಮಗೆ ಲೈಸೆನ್ಸ್ ಸಿಕ್ಕಂತಾಯಿತು.

ನಿಯಮಗಳೆಲ್ಲ ನಾಗರಾಜನ ಬಾಯಲ್ಲಿ. ಡಬ್ಬಿಯ ಜೊತೆ ಸಾಸಿವೆ ಕಾಳಿನಷ್ಟು ಸಣ್ಣ ಅಕ್ಷರದ ಇಂಗ್ಲಿಷ್ ಹಾಳೆಯೊಂದು ಬಂದಿತ್ತು. ಇಂಗ್ಲಿಷ್ ಓದುವುದು ಅವನ ಖಾತೆ. ಅವನು ಓದಿ ಹೇಳಿದ, ನಾವು ಕೇಳಿದೆವು: ಆಟ ಶುರುವಾಗುವಾಗ ಕೈಯಲ್ಲಿ ನಾಲ್ಕು ಎಲೆ. ನಾಲ್ಕೇ. ನಾಲ್ಕರಲ್ಲಿ ಬದುಕಬೇಕು. ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತಾರಲ್ಲ, ಹಾಗೆ. ಆಮೇಲೆ ನಾವು ಒಬ್ಬೊಬ್ಬರಾಗಿ ಸ್ವಂತ ಕಟ್ಟು ಕೊಂಡುಕೊಂಡೆವು, ಆಗಲೂ ನಾಲ್ಕೇ. ಯೂಟ್ಯೂಬ್ ಇರಲಿಲ್ಲವೇ ಎಂದು ನೀವು ಕೇಳಬಹುದು. ಇತ್ತು ಸ್ವಾಮಿ. ಆದರೆ ನಿಮ್ಮ ಅಮ್ಮ ಮಾಡುವ ಸಾರು ಸರಿಯಾಗಿದೆಯೋ ಇಲ್ಲವೋ ಎಂದು ಯೂಟ್ಯೂಬ್ ಹಾಕಿ ನೋಡಿದ್ದೀರಾ ಎಂದಾದರೂ? ನಾವೂ ನೋಡಲಿಲ್ಲ.

ಹೀಗಿರುವಾಗ ಸೊರಬದಲ್ಲಿ ಟೂರ್ನಮೆಂಟ್ ಎಂಬ ಸುದ್ದಿ ಬಂತು. ಅಲ್ಲಿನ ಹುಡುಗರು ಬಸ್ ಸ್ಟ್ಯಾಂಡ್ ಹತ್ತಿರ ಒಂದು ಸ್ಟೇಷನರಿ ಅಂಗಡಿಯ ಮಹಡಿಯಲ್ಲಿ ನಡೆಸುತ್ತಿದ್ದರು. ಶಿವಮೊಗ್ಗದಿಂದ ತೀರ್ಪುಗಾರರು ಬರುತ್ತಾರಂತೆ, ಗೆದ್ದವರಿಗೆ ಕಪ್ಪು ಕೊಡುತ್ತಾರಂತೆ. ನಾಗರಾಜ ಎರಡು ವಾರ ನಮ್ಮನ್ನು ರುಬ್ಬಿದ. "ನಮ್ ತಾಲೂಕಿನ ಮರ್ಯಾದಿ ಪ್ರಶ್ನಿ ಐತಿ, ಸುಮ್ನೆ ಅಲ್ಲ" ಎನ್ನುತ್ತಿದ್ದ. ನಾನು ನಾಲ್ಕು ಜನರಿಗೂ ಒಂದೇ ಬಣ್ಣದ ಅಂಗಿ ಹೊಲಿದೆ. ಬಸವರಾಜನದು ಹೊಟ್ಟೆಯ ಹತ್ತಿರ ಬಿಗಿಯಾಯಿತು, ಅದು ಅಳತೆ ಕೊಟ್ಟವನ ತಪ್ಪೇ ಹೊರತು ನನ್ನದಲ್ಲ. ಭಾನುವಾರ ಬೆಳಿಗ್ಗೆ ಬಸ್ಸು ಹತ್ತಿದೆವು, ರೇಣುಕಾ ದಾರಿಯಲ್ಲಿ ಶಿರಾಳಕೊಪ್ಪದಲ್ಲಿ ಹತ್ತಿದಳು. ನಾಗರಾಜ ದಾರಿಯುದ್ದಕ್ಕೂ ಎದುರು ಸೀಟಿನ ಅಪರಿಚಿತರಿಗೂ ಆಟದ ನಿಯಮ ವಿವರಿಸುತ್ತಿದ್ದ.

ಮಹಡಿಯಲ್ಲಿ ಸಾಲಾಗಿ ಮೇಜು ಹಾಕಿದ್ದರು. ನಮ್ಮನ್ನು ಬೇರೆ ಬೇರೆ ಮೇಜಿಗೆ ಕೂರಿಸಿದರು. ಗಂಟೆ ಬಾರಿಸಿದರು. ನನ್ನ ಎದುರಿನ ಹುಡುಗಿ ಎಲೆ ಎತ್ತತೊಡಗಿದಳು. ನಾಲ್ಕಾಯಿತು, ಐದಾಯಿತು, ನಿಲ್ಲಿಸುವ ಲಕ್ಷಣವೇ ಇಲ್ಲ. ನೋಡಲು ಎಷ್ಟು ಸಾಧು, ಎಂಥ ಕಳ್ಳಿ ಅಂದುಕೊಂಡೆ. ಬಾಯಿ ತೆರೆಯುವಷ್ಟರಲ್ಲಿ ಆಚೆ ಮೇಜಿಂದ ಬಸವರಾಜ ಗುಡುಗಿದ: "ಸಾರ್! ಬರ್ರಿ ಇಲ್ಲಿ! ಈವಯ್ಯ ಏಳ್ ಎಲಿ ಹಿಡ್ಕಂಡಾನೆ!" ನಾನೂ ಕೈ ಎತ್ತಿ, "ಸಾರ್, ಇವಳೂ!" ಎಂದೆ. ಆ ಕಡೆಯಿಂದ ನಾಗರಾಜನೂ ಎದ್ದು ನಿಂತಿದ್ದ. ಸೊರಬದವರೆಲ್ಲ ಸೇರಿ ಮೋಸ ಮಾಡುತ್ತಿದ್ದಾರೆ ಎಂದು ನಮಗೆ ಸಂಶಯವೇ ಇರಲಿಲ್ಲ.

ತೀರ್ಪುಗಾರರು ಬಂದು ಸಾವಧಾನವಾಗಿ, "ಏಳೇ ಅಲ್ವಾ ತಗೊಳ್ಬೇಕಾದ್ದು?" ಎಂದರು. ಫೋನಿನಲ್ಲಿ ನಿಯಮ ತೆಗೆದು ತೋರಿಸಿದರು. "ಮೊದ್ಲಿಂದ್ಲೂ ನಾವು ನಾಲ್ಕ್ರಾಗೇ ಆಡಾದು ಸಾರ್!" ಎಂದು ಬಸವರಾಜ ಕೂಗಿದ. ಇಡೀ ಮಹಡಿ ಘೊಳ್ಳೆಂದು ನಕ್ಕಿತು. "ಎಂತ ಮಾರಾಯ್ರೇ, ಇಷ್ಟು ವರ್ಷ ನಾಲ್ಕರಲ್ಲೇ ಆಡಿದ್ರಾ?" ಎಂದು ಯಾರೋ ಕೇಳಿದರು. ನಮ್ಮ ಮೂವರ ಕಣ್ಣೂ ನಾಗರಾಜನ ಕಡೆ ತಿರುಗಿದವು. ನೋಡಬಾರದಿತ್ತು, ಆದರೆ ನೋಡಿಬಿಟ್ಟೆವು. ಅವನ ಕಿವಿ ಕೆಂಪಗಾಗಿತ್ತು. ತನ್ನ ಎಲೆಗಳನ್ನು ಒಟ್ಟುಮಾಡಿ ಮೇಜಿನ ಮೇಲಿಟ್ಟ. "ನಾನು ಆಡಲ್ಲ ಸಾರ್, ಸೋತೆ ಅಂತ ಬರ್ಕಳ್ರಿ" ಎಂದು ಮೆಟ್ಟಿಲಿಳಿದು ಹೋದ. ಕಟ್ಟು ಅಲ್ಲೇ ಬಿಟ್ಟುಹೋದ.

ನಾನು ಹಿಂದೆ ಓಡಲು ಎದ್ದೆ. ಪಕ್ಕದ ಮೇಜಿನಿಂದ ರೇಣುಕಾ ನನ್ನ ಅಂಗಿಯ ತೋಳು ಹಿಡಿದು ಎಳೆದಳು. "ಕುಂತ್ಕ. ಈಗ ಹೋಗಿ ಏನ್ ಹೇಳ್ತಿ? ನಾವೂ ಸೋತು ಹೋದ್ರೆ ಅವನು ಜನ್ಮದಾಗೆ ಎಲಿ ಮುಟ್ಟಾಂಗಿಲ್ಲ. ಗೆದ್ದು ಹೋಗಾಣ." ಅವಳು ಒಂದೇ ಸಲಕ್ಕೆ ಅಷ್ಟು ಮಾತಾಡಿದ್ದು ಅದೇ ಮೊದಲು. ನಾನು ಕೂತೆ.

ಕೂತು ಏನು ಮಾಡಿದೆ ಅಂತೀರಿ? ಸೋತೆ. ಏಳು ಎಲೆ ಕೈಗೆ ಬಂದದ್ದೇ ತಡ, ಹಬ್ಬದ ಹಿಂದಿನ ದಿನ ಸಂತೆಗೆ ಹೋದವಳ ಹಾಗೆ ಎಲ್ಲವನ್ನೂ ಒಂದೇ ಸಲ ಸುರಿದುಬಿಟ್ಟೆ. ಆ ಸಾಧು ಹುಡುಗಿ ನನ್ನನ್ನು ಗುಡಿಸಿ ಹಾಕಿದಳು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ, ನಾನು ಮೇಜು ಅಲ್ಲಾಡುತ್ತಿತ್ತು ಎಂದೆ. ಬಸವರಾಜ ಒಂದು ಸುತ್ತು ಗೆದ್ದು ಎರಡನೆಯದರಲ್ಲಿ ಮುಗ್ಗರಿಸಿದ. ಉಳಿದವಳು ರೇಣುಕಾ ಒಬ್ಬಳೇ.

ಅವಳು ಮಾಡಿದ್ದನ್ನು ನೀವು ನೋಡಬೇಕಿತ್ತು. ಏಳು ಎಲೆ ಎತ್ತಿಕೊಂಡಳು. ನಾಲ್ಕನ್ನು ಕೈಯಲ್ಲಿ ಹಿಡಿದಳು. ಉಳಿದ ಮೂರನ್ನು ಏನು ಮಾಡಬೇಕೆಂದು ತೋಚಲಿಲ್ಲ. "ಇವನ್ನ ಇಲ್ಲೇ ಇಟ್ಕಬಹುದೇನ್ರಿ ಸಾರ್?" ಎಂದು ಕೇಳಿ, ಮೇಜಿನ ಮೇಲೆ ಬೋರಲಾಗಿ ತನ್ನ ಎದುರಿಗೆ ಇಟ್ಟುಕೊಂಡಳು. ನಾವು ವರ್ಷಗಟ್ಟಲೆ ಆಡಿದ ಆಟವನ್ನೇ ಆಡತೊಡಗಿದಳು. ಒಂದು ಎಲೆ ಎತ್ತುವುದು, ಹತ್ತು ಸಲ ಯೋಚಿಸುವುದು, ಒಂದು ಎಲೆ ಬಿಡುವುದು. ನಾಲ್ಕರಲ್ಲಿ ಬದುಕಿದವಳಿಗೆ ಒಂದು ಎಲೆಯೂ ದಂಡವಾಗಬಾರದು. ಎದುರಿನವರು ಅವಳ ಕೈ ನೋಡುವುದು ಬಿಟ್ಟು ಆ ಮೂರು ಎಲೆಗಳನ್ನೇ ನೋಡುತ್ತಿದ್ದರು. ಅವುಗಳಲ್ಲಿ ಏನೋ ಭಯಂಕರ ಇದೆ, ಕೊನೆಗೆ ತೆಗೆಯುತ್ತಾಳೆ ಎಂದು ಹೆದರಿ ತಮ್ಮ ಒಳ್ಳೆಯ ಪ್ರಾಣಿಗಳನ್ನು ಹೊರಗೆ ಬಿಡದೆ ಕಾದರು. ಕಾಯುತ್ತಾ ಕಾಯುತ್ತಾ ಸೋತರು.

ಫೈನಲ್‌ನಲ್ಲಿ ಅವಳ ಎದುರು ಉಳವಿಯ ಪ್ರಶಾಂತ ಎಂಬ ಹುಡುಗ, ಡಿಗ್ರಿ ಓದುತ್ತಿದ್ದವನು, ಆ ಭಾಗದಲ್ಲಿ ಅವನನ್ನು ಸೋಲಿಸಿದವರೇ ಇರಲಿಲ್ಲವಂತೆ. ನಕ್ಕವರೆಲ್ಲ ಈಗ ಮೇಜಿನ ಸುತ್ತ ಮುತ್ತಿಕೊಂಡಿದ್ದರು. ಬಸವರಾಜ ಮೊದಲ ಬಾರಿ ಪಿಸುಮಾತಿನಲ್ಲಿ ಮಾತಾಡಿದ. ನನಗೆ ಎಲೆಗಿಂತ ಹೆಚ್ಚಾಗಿ ಬಸ್ ಸ್ಟ್ಯಾಂಡಿನ ಚಿಂತೆ. ನಾಗರಾಜ ಶಿಕಾರಿಪುರದ ಬಸ್ಸು ಹತ್ತಿ ಹೋಗಿಬಿಟ್ಟಿದ್ದರೆ? ಪ್ರಶಾಂತ ತನ್ನ ರೆಕ್ಕೆಯ ಹುಲಿಯನ್ನು ಕೊನೆಯವರೆಗೂ ಬಿಡಲಿಲ್ಲ. ಬಿಡುವ ಹೊತ್ತಿಗೆ ಅದನ್ನು ಕಾಯಲು ಅವನ ಬಳಿ ಬೇರೆ ಪ್ರಾಣಿಯೇ ಉಳಿದಿರಲಿಲ್ಲ. ರೇಣುಕಾ ಎರಡು ತಲೆಯ ಮುಂಗುಸಿ ಇಟ್ಟಳು. ಮುಗಿಯಿತು.

ಪ್ರಶಾಂತ ಎದ್ದು ಕೈ ಕುಲುಕಿ, "ಅಕ್ಕಾ, ಒಂದ್ ಸಲ ಆ ಮೂರು ಎಲೆ ತೋರಿಸಿ ಮಾರಾಯ್ತಿ. ಎಂತ ಇತ್ತು ಅಂತ ಗೊತ್ತಾಗ್ದೇ ಹೋದ್ರೆ ನಂಗೆ ನಿದ್ದೆ ಬರೂದಿಲ್ಲ" ಎಂದ. ಅವಳು ತಿರುಗಿಸಿದಳು. ಮೂರೂ ಕಪ್ಪೆ. ಇಡೀ ಆಟದಲ್ಲೇ ಅದಕ್ಕಿಂತ ಬಡಪಾಯಿ ಪ್ರಾಣಿ ಇಲ್ಲ. ಆಗ ಎದ್ದ ನಗು ಬೆಳಗಿನ ನಗುವಲ್ಲ. ನಾನು ಅಳುತ್ತಾ ನಗುತ್ತಿದ್ದೆ. ಆ ಕಪ್ಪನ್ನು ನಾನೇ ಗೆದ್ದಿದ್ದರೂ ಅಷ್ಟು ಹೆಮ್ಮೆಯಾಗುತ್ತಿರಲಿಲ್ಲ.

ಕಪ್ಪು ಹಿಡಿದು ಓಡಿದೆವು. ನಾಗರಾಜ ಬಸ್ ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕೂತಿದ್ದ. ಅವನ ಎದುರಿಗೇ ಶಿಕಾರಿಪುರದ ಬಸ್ಸು ಹೊರಟಿತ್ತು, ಅವನು ಹತ್ತಿರಲಿಲ್ಲ. ರೇಣುಕಾ ಕಪ್ಪನ್ನು ಅವನ ತೊಡೆಯ ಮೇಲಿಟ್ಟು, "ನಾಲ್ಕರಾಗೇ ಗೆದ್ದೆ ಕಣೋ. ನೀ ಕಲಿಸಿದ್ದು" ಎಂದಳು. ಅವನು ಅದನ್ನು ಮುಟ್ಟಲಿಲ್ಲ.

"ನಾ ತಪ್ಪು ಓದಿರ್ಲಿಲ್ಲ" ಎಂದ. "ಆ ಹಾಳ್ಯಾಗೆ ಏಳು ಅಂತಾನೇ ಇತ್ತು. ನಂಗೆ ಗೊತ್ತಿತ್ತು."

ಬಸವರಾಜ ಬಾಯಿ ತೆರೆದ. ನಾನು ಅವನ ಕಾಲು ತುಳಿದೆ.

"ಆವಾಗ ಇದ್ದದ್ದು ನಂದು ಒಂದೇ ಕಟ್ಟು, ನಲವತ್ತು ಎಲಿ. ಏಳೇಳು ಎಲಿ ಹಿಡಿದ್ರೆ ಆಮ್ಯಾಲೆ ಎತ್ತಾಕೂ ಎಲಿ ಉಳೀಬೇಕಲ್ಲ, ಅದು ಇಬ್ಬರಿಗೇ ಸಾಲ್ತಿತ್ತು. ಇನ್ನಿಬ್ರು ನೋಡ್ಕಂತ ಕೂರಬೇಕಿತ್ತು. ನಾಲ್ಕು ಅಂದ್ರೆ ಹತ್ತತ್ತು ಪಾಲು ಮಾಡಿ ಎಲ್ರೂ ಆಡಬಹುದಿತ್ತು. ಯಾರನ್ನ ಕುಂದ್ರುಸ್ಲಿ, ಯಾರನ್ನ ಎಬ್ಬುಸ್ಲಿ? ಅದುಕ್ಕೆ ನಾಲ್ಕು ಅಂದೆ. ಆಮ್ಯಾಲೆ ಎಲ್ರೂ ಕಟ್ಟು ತಗಂಡ್ರಿ. ಇವತ್ ಹೇಳಾಣ, ನಾಳೆ ಹೇಳಾಣ ಅನ್ಕಂತ ಹಂಗೇ ಉಳೀತು. ಇಲ್ಲಿಗೆ ಬಂದ್ಮೇಲಾದ್ರೂ ಹೇಳಬೇಕಿತ್ತು, ಬಾಯಿ ಬರ್ಲಿಲ್ಲ."

ನಾನು ಅವನಿಗೆ ಬಾಯಿಗೆ ಬಂದಂತೆ ಬೈದೆ. ಮುಟ್ಠಾಳ, ದಂಡಪಿಂಡ, ಇಷ್ಟು ವರ್ಷ ಹೊಟ್ಟೆಯಲ್ಲಿ ಇಟ್ಟುಕೊಂಡು ಹೇಗೆ ಅನ್ನ ತಿಂದೆಯೋ ಎಂದೆ. ಬೈಯುತ್ತಾ ಬೈಯುತ್ತಾ ಅವನ ಪಕ್ಕದಲ್ಲೇ ಕೂತುಬಿಟ್ಟೆ. ತನ್ನ ಮೊದಲ ಸಂಬಳದ ಡಬ್ಬಿಯನ್ನು ನಾಲ್ಕು ಪಾಲು ಮಾಡಿದವನು ಇವನು, ಅದಕ್ಕಾಗಿ ಇವತ್ತು ಊರವರಿಂದೆಲ್ಲ ನಗಿಸಿಕೊಂಡವನೂ ಇವನೇ. ಇಂಥವನ ಪಕ್ಕ ಗೊಬ್ಬರದ ಚೀಲದ ಮೇಲೆ ಕೂತು ಎಷ್ಟೋ ಭಾನುವಾರ ಕಳೆದಿದ್ದೇನಲ್ಲ ಎಂದು ನನಗೆ ಎದೆ ಉಬ್ಬಿ ಬಂತು. ಅದನ್ನು ಅವನಿಗೆ ಹೇಳಿದೆ ಕೂಡ. ಅವನು ನಾಚಿಕೊಂಡು, "ಬಸ್ ಬಂತು, ಹತ್ರಿ ಹತ್ರಿ" ಎಂದ. ಬಂದದ್ದು ನಮ್ಮೂರಿನ ಬಸ್ಸಲ್ಲ, ಆನವಟ್ಟಿಯದು.

ಇದೆಲ್ಲ ಆಗಿ ಕೆಲವು ವರ್ಷಗಳಾದವು. ಈಗ ನಮ್ಮಲ್ಲೂ ಟೂರ್ನಮೆಂಟ್ ನಡೆಯುತ್ತದೆ, ಗೊಬ್ಬರದಂಗಡಿಯ ಮೇಲಿನ ಗೋಡೌನಿನಲ್ಲಿ. ಹೋದ ಭಾನುವಾರ ಸೊರಬದಿಂದ ಒಂದು ದಂಡೇ ಬಂದಿತ್ತು. ಶಿವಮೊಗ್ಗದ ಅದೇ ತೀರ್ಪುಗಾರರು ಮುಂದಿನ ಕುರ್ಚಿಯಲ್ಲಿ ಕೂತಿದ್ದರು. ಬರೀ ನೋಡೋಣವೆಂದು ಬಂದ ಹೊಸಬರೂ ಗೋಡೆಗೆ ಒರಗಿ ನಿಂತಿದ್ದರು, ಕಾಲೇಜಿನವರು, ಮಗುವನ್ನು ಎತ್ತಿಕೊಂಡ ಒಬ್ಬಳು ಗೃಹಿಣಿ, ಇನ್ನೂ ಯಾರು ಯಾರೋ. ನಿಯಮ ಓದುವ ಕೆಲಸ ನಾಗರಾಜನದು. ಕನ್ನಡದಲ್ಲಿ ಒಂದೊಂದನ್ನೂ ಬಿಡಿಸಿ ಹೇಳುತ್ತಾ ಬಂದ. "ಆಟ ಶುರು ಮಾಡುವಾಗ ಕೈಯಲ್ಲಿ ಇರಬೇಕಾದ ಎಲೆ..." ಎಂದು ನಿಲ್ಲಿಸಿದ. ಹಳಬರೆಲ್ಲ ಕಿಸಕ್ಕನೆ ನಕ್ಕರು. ಅವನು ನಗಲಿಲ್ಲ. ಗೋಡೆಯ ಕಡೆ ನೋಡಿದ.

"ಸ್ವಂತ ಕಟ್ಟು ಇಲ್ದೋರು ಎಷ್ಟ್ ಮಂದಿ ಅದೀರಿ? ಕೈ ಎತ್ರಿ."

ಒಂದೊಂದಾಗಿ ಕೈ ಎದ್ದವು. ಮಗು ಎತ್ತಿಕೊಂಡವಳೂ ಅಳುಕುತ್ತಾ ಒಂದು ಕೈ ಎತ್ತಿದಳು.

"ಹಂಗಾರೆ ಇವತ್ತು ನಾಲ್ಕು" ಎಂದ ನಾಗರಾಜ, ತೀರ್ಪುಗಾರರ ಮುಖವನ್ನೇ ನೇರ ನೋಡಿಕೊಂಡು. ಅವರು ಆಗಲಿ ಎಂದು ತಲೆಯಾಡಿಸಿದರು. ಎಲ್ಲರಿಗಿಂತ ಮೊದಲು ತನ್ನ ಕಟ್ಟು ಬಿಚ್ಚಿ, ಆ ಗೃಹಿಣಿಯನ್ನು "ಬನ್ನಿ ಅಕ್ಕ, ಕೂತ್ಕೊಳ್ಳಿ" ಎಂದು ಕರೆದು ಪಾಲು ಮಾಡತೊಡಗಿದವನು ಉಳವಿಯ ಪ್ರಶಾಂತ.