ನಿರುಪಮಾ ಆರಿಸಿದ ಸ್ಪ್ರಿಂಗು

ಸಿಂಗಪುರದ ಸೆಂಗ್‌ಕಾಂಗ್‌ನ ಕಾರ್‌ಪಾರ್ಕಿನಲ್ಲಿ ನಿಲ್ಲುವ ಕಿತ್ತಳೆ ಬಣ್ಣದ ವ್ಯಾಲಿಯಂಟ್ ಚಾರ್ಜರ್ ಕಾರಿನ ಬಗ್ಗೆ ತಿಳಿಯಬೇಕೆನಿಸಿದವರು ಮೊದಲು ಉಪೇಂದ್ರರನ್ನೇ ಕೇಳುತ್ತಾರೆ. ಅವರು ನಕ್ಕು ಹೆಂಡತಿಯ ಕಡೆ ಕೈ ತೋರಿಸುತ್ತಾರೆ. ಕಾರು ನಿರುಪಮಾ ಅವರದು.

ಮೈಸೂರಿನಲ್ಲಿ ಗಣಿತ ಓದಿ, ಮದುವೆಯಾಗಿ ಸಿಂಗಪುರಕ್ಕೆ ಬಂದ ನಿರುಪಮಾ ಚಾಂಗಿ ಬಿಸಿನೆಸ್ ಪಾರ್ಕಿನ ಒಂದು ಬ್ಯಾಂಕಿನಲ್ಲಿ ಕೆಲಸ ಮಾಡುತ್ತಾರೆ. ಐವತ್ತು ತುಂಬಿದ ವರ್ಷ, ತಮ್ಮ ದೇಶಕ್ಕೆ ಹಿಂದಿರುಗುತ್ತಿದ್ದ ಆಸ್ಟ್ರೇಲಿಯಾದ ಸಹೋದ್ಯೋಗಿಯಿಂದ ಎಪ್ಪತ್ತರ ದಶಕದ ಈ ಕಾರನ್ನು ಕೊಂಡರು. ಹಳೆಯ ಕಾರಾದ್ದರಿಂದ ಅಲ್ಲಿನ ನಿಯಮದಂತೆ ವರ್ಷದಲ್ಲಿ ಕೆಲವೇ ದಿನ ರಸ್ತೆಗೆ ಇಳಿಸಬಹುದು. ಆ ದಿನಗಳಲ್ಲಿ ಅವರು ಹಬ್ಬದ ದಿನದಂತೆ ಬೇಗ ಎದ್ದು ಸ್ನಾನ ಮುಗಿಸುತ್ತಾರೆ. ಉಪೇಂದ್ರ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳುವವರು. ಎಂಆರ್‌ಟಿ ರೈಲು ಸಾಕು ಎನ್ನುವ ಮನುಷ್ಯ. ಆದರೂ ಪಕ್ಕದ ಸೀಟಿನಲ್ಲಿ ತಪ್ಪದೆ ಕೂರುತ್ತಿದ್ದರು.

ಹೋದ ವರ್ಷ ಉಪೇಂದ್ರರ ಬೆನ್ನುಮೂಳೆಯ ಆಪರೇಷನ್ ಆಯಿತು. ಚೇತರಿಸಿಕೊಂಡ ಮೇಲೆ ಮೊದಲ ಸಲ ಕಾರಿನಲ್ಲಿ ಹೋದಾಗ, ಒಂದು ಹಂಪ್ ದಾಟುತ್ತಿದ್ದಂತೆ ಹಿಂಭಾಗ ಧಡ್ ಎಂದು ಕುಸಿಯಿತು. ಉಪೇಂದ್ರರ ಮುಖ ಬಿಳಿಚಿಕೊಂಡಿತು. ನಿರುಪಮಾ ನಿಧಾನವಾಗಿ ಮನೆಗೆ ತಿರುಗಿಸಿದರು. ಕಾರು ಹಿಂದೆ ಎಡಕ್ಕೆ ವಾಲಿರುವುದನ್ನು ಅವರು ಅಂದು ಸರಿಯಾಗಿ ಗಮನಿಸಿದರು.

ಬೂನ್ ಲೇ ಕಡೆ ಗ್ಯಾರೇಜ್ ಇಟ್ಟಿರುವ ಮೆಕ್ಯಾನಿಕ್ ಟಿಯೊ ಕಾರನ್ನು ಮೇಲೆತ್ತಿ ನೋಡಿದ. ಹಿಂದಿನ ಭಾರ ಹೊರುವುದು ಲೀಫ್ ಸ್ಪ್ರಿಂಗು, ಅಂದರೆ ಲಾರಿಗಳ ಕೆಳಗೆ ಕಾಣುವಂತೆ ಒಂದರ ಮೇಲೊಂದು ಜೋಡಿಸಿದ ಬಾಗಿದ ಉಕ್ಕಿನ ಪಟ್ಟಿಗಳು. ಅವು ಬಾಗು ಕಳೆದುಕೊಂಡು ಚಪ್ಪಟೆಯಾಗಿದ್ದವು. ಒಂದು ಪಟ್ಟಿ ಬಿರುಕು ಬಿಟ್ಟಿತ್ತು. ಎರಡೂ ಕಡೆ ಹೊಸದು ಹಾಕಲೇಬೇಕೆಂದ ಟಿಯೊ, ವಾಲುವ ಎಡಗಡೆಗೆ ಒಂದು ಪಟ್ಟಿ ಹೆಚ್ಚಿಗೆ ಸೇರಿಸಿಬಿಡೋಣ ಎಂದ.

ಯಾವ ಸ್ಪ್ರಿಂಗು ತರಿಸುವುದು? ನಿರುಪಮಾ ಅವರ ಬ್ಯಾಂಕಿನ ಸಹೋದ್ಯೋಗಿ ವಿನೋದ್‌ಗೂ ಒಂದು ಹಳೆಯ ಫಾಲ್ಕನ್ ಕಾರು ಇತ್ತು. ಅದಕ್ಕೆ ಗಟ್ಟಿ ಸ್ಪ್ರಿಂಗು ಹಾಕಿ, ಹಿಂಭಾಗವನ್ನು ಎತ್ತರಿಸಿ, ನೆಗೆಯಲು ನಿಂತ ಹುಲಿಯ ಹಾಗೆ ಮಾಡಿಕೊಂಡಿದ್ದ. ನಿರುಪಮಾ ಅವರಿಗೂ ಆ ನಿಲುವಿನ ಮೇಲೆ ಆಸೆಯಿತ್ತು. ಒಂದು ಭಾನುವಾರ ಗಂಡಹೆಂಡತಿ ಇಬ್ಬರೂ ಅವನ ಕಾರಿನಲ್ಲಿ ಸುತ್ತಿ ಬಂದರು. ಉಪೇಂದ್ರ ಇಳಿಯುವಾಗ ಬೆನ್ನು ನೆಟ್ಟಗಾಗುವವರೆಗೆ ಬಾಗಿಲು ಹಿಡಿದು ನಿಂತರು. ಆದರೂ ಚೆನ್ನಾಗಿದೆ, ಇದನ್ನೇ ಹಾಕಿಸು ಎಂದರು. ನಿರುಪಮಾ ಅಲ್ಲೇ ತೀರ್ಮಾನಿಸಿದರು: ಕಂಪನಿ ಕೊಟ್ಟಂಥದ್ದೇ ಮೆತ್ತನೆಯ ಸ್ಪ್ರಿಂಗು, ಅದೇ ಎತ್ತರ.

ಜೋರಾಗಿ ಆಕ್ಸಿಲರೇಟರ್ ಒತ್ತಿದರೆ ಮೆತ್ತನೆಯ ಸ್ಪ್ರಿಂಗು ತಿರುಚಿಕೊಂಡು ಹಿಂದಿನ ಚಕ್ರಗಳು ಕುಪ್ಪಳಿಸುತ್ತವೆ ಎಂದು ವಿನೋದ್ ಎಚ್ಚರಿಸಿದ. ಅದು ನಿಜವೂ ಹೌದು.

"ಸಿಗ್ನಲ್ ಬಿಟ್ಟ ತಕ್ಷಣ ಹಾರೋಕೆ ಅಲ್ಲ ವಿನೋದ್," ಎಂದರು ನಿರುಪಮಾ. "ನನ್ನ ಪಕ್ಕ ಕೂತೋರು ಆರಾಮಾಗಿ ಕಾಫಿ ಕುಡೀಬೇಕು. ಅಂಥ ಸ್ಪ್ರಿಂಗ್ ಬೇಕು ನಂಗೆ."

ಎಡಗಡೆಗೆ ಹೆಚ್ಚಿನ ಪಟ್ಟಿ ಎಂಬ ಮಾತು ಮಾತ್ರ ಅವರಿಗೆ ಒಪ್ಪಿಗೆಯಾಗಲಿಲ್ಲ. ನಾಲ್ಕು ಕಾಲಿನ ಮೇಜಿನಲ್ಲಿ ಒಂದು ಕಾಲು ಉದ್ದವಾದರೆ ಓಲಾಡುವುದು ಬೇರೆ ಮೂಲೆ. ಹಾಗೆಯೇ ಇಲ್ಲಿ ತಪ್ಪು ಮುಂದುಗಡೆ ಇರಬಹುದಲ್ಲ? ಆರ್ಡರ್ ಮಾಡುವ ಮುಂಚೆ ಅವರು ಮತ್ತೆ ಗ್ಯಾರೇಜಿಗೆ ಹೋದರು. ಮುಂಭಾಗದ ನಟ್ಟನಡುವೆ ಜ್ಯಾಕ್ ಕೊಟ್ಟು ಮುಂದಿನ ಎರಡೂ ಚಕ್ರಗಳನ್ನು ನೆಲದಿಂದ ಎತ್ತಿಸಿದರು. ಹಿಂದೆ ಹೋಗಿ ಮಂಡಿಯೂರಿ ಅಳತೆಯ ಟೇಪು ಹಿಡಿದರು. ವಾಲುವಿಕೆ ಹೆಚ್ಚುಕಡಿಮೆ ಮಾಯವಾಗಿತ್ತು.

ಟಿಯೊಗೆ ತಕ್ಷಣ ಅರ್ಥವಾಯಿತು. ಈ ಕಾರಿನ ಮುಂಭಾಗವನ್ನು ಹೊರುವುದು ಎರಡು ಉದ್ದನೆಯ ಉಕ್ಕಿನ ಸರಳುಗಳು. ಬೋಲ್ಟ್ ತಿರುಗಿಸಿ ಅವುಗಳ ಎತ್ತರ ಹೊಂದಿಸಬಹುದು. ಹಿಂದೊಮ್ಮೆ ಯಾರೋ ಬಲಗಡೆಯದನ್ನು ಅತಿಯಾಗಿ ಬಿಗಿ ಮಾಡಿದ್ದರಿಂದ ಭಾರವೆಲ್ಲ ಹಿಂದಿನ ಎಡಮೂಲೆಗೆ ಬೀಳುತ್ತಿತ್ತು. ಅವನು ಸ್ಪಾನರ್ ತಂದು ಅದನ್ನು ಸಡಿಲಿಸಿದ. ತನ್ನ ಸಲಹೆ ಕೇಳಿದ್ದರೆ ಕಾರು ನೆಟ್ಟಗೆ ಕಾಣುತ್ತಿತ್ತು, ಓಡುವಾಗ ಸೊಟ್ಟಗಾಗುತ್ತಿತ್ತು ಎಂದು ನಕ್ಕು, ಇಬ್ಬರಿಗೂ ತಣ್ಣನೆಯ ಬಾರ್ಲಿ ನೀರು ತರಿಸಿದ.

ಎರಡೂ ಕಡೆಗೆ ಒಂದೇ ಅಳತೆಯ ಸ್ಪ್ರಿಂಗುಗಳು ಅಡಿಲೇಡ್‌ನ ಒಂದು ಸಣ್ಣ ವರ್ಕ್‌ಶಾಪಿನಿಂದ ಬಂದವು. ಟಿಯೊ ಅವನ್ನು ಅಲುಗಾಟ ಹೀರುವ ಹೊಸ ರಬ್ಬರ್ ಬುಷ್‌ಗಳೊಂದಿಗೆ ಜೋಡಿಸಿದ. ಕೊನೆಯ ಬೋಲ್ಟುಗಳನ್ನು ಕಾರು ನೆಲಕ್ಕಿಳಿದು ತನ್ನ ಭಾರ ತಾನು ಹೊತ್ತ ಮೇಲಷ್ಟೇ ಬಿಗಿದ. ನಿರುಪಮಾ ಕಾರಿನ ಸುತ್ತ ಒಂದು ಸುತ್ತು ಬಂದರು. ಹುಲಿಯ ನಿಲುವು ಇರಲಿಲ್ಲ. ಸಮತಟ್ಟಾಗಿ, ಸಮಾಧಾನವಾಗಿ ನಿಂತಿತ್ತು. ಅವರಿಗೆ ಅದೇ ಚೆಂದ ಕಂಡಿತು.

ಮುಂದಿನ ಭಾನುವಾರ ಬೆಳಿಗ್ಗೆ ಇಬ್ಬರೂ ಚಾಂಗಿಯ ಕಡಲಂಚಿನ ನೇರ ರಸ್ತೆಗೆ ಹೋದರು. ದಾರಿಯ ಹಂಪ್‌ಗಳ ಮೇಲೆ ಕಾರು ದೋಣಿಯಂತೆ ಏರಿ ಇಳಿಯಿತು. ಉಪೇಂದ್ರ ಅರ್ಧ ದಾರಿ ಹಿಂದೂ ಮಹಾಸಾಗರದ ಮಾರುತಗಳ ಬಗ್ಗೆ ಪಾಠವನ್ನೇ ಮಾಡಿದರು. ಆಮೇಲೆ ಗೇರ್ ಹಾಕುವ ಹೆಂಡತಿಯ ಕೈಯನ್ನೇ ನೋಡುತ್ತ ಕುಳಿತರು.

"ನಿರು, ಡಾಕ್ಟರ್ ನಂಗೆ ಡ್ರೈವ್ ಮಾಡ್ಬಹುದು ಅಂದಿದಾರೆ," ಎಂದರು.

ಈ ಕಾರನ್ನು ತಾನು ಓಡಿಸುವ ಮಾತನ್ನು ಇಷ್ಟು ವರ್ಷ ಅವರು ಆಡಿರಲೇ ಇಲ್ಲ. ನಿರುಪಮಾ ಕಾರನ್ನು ಪಕ್ಕಕ್ಕೆ ನಿಲ್ಲಿಸಿ, ಇಳಿದು, ಡ್ರೈವರ್ ಕಡೆಯ ಬಾಗಿಲನ್ನು ತೆರೆದು ಹಿಡಿದರು. "ಬನ್ನಿ. ಕ್ಲಚ್ ಮಾತ್ರ ನಿಧಾನಕ್ಕೆ ಬಿಡಿ."

ಎರಡು ಸಲ ಎಂಜಿನ್ ಆಫ್ ಆಯಿತು. ಮೂರನೆಯ ಸಲ ಕಾರು ಹೊರಟಿತು.